ಬ್ಯಾಕ್‌ಬೆಂಡ್ ಮಾಡುವಾಗ ಅಳು ಬರ್ತಿದೆ, ಅಷ್ಟಾಂಗ ಯೋಗ ಮುಂದುವರಿಸ್ಲಾ ಬಿಡ್ಲಾ? (ಹಾಸನ)

ಸಾಲಗಾಮೆರೋಡ್_ಟೀಚರ್

ಎಲ್ಲರಿಗೂ ನಮಸ್ತೆ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಾನು ಹಾಸನದವಳು, ಹೈಸ್ಕೂಲ್ ಟೀಚರ್. ಹೋದ ವರ್ಷ ನನ್ ತಮ್ಮ ಬೈಕ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟ. ಆವಾಗ ನಾನು ಸರಿಯಾಗಿ ಅಳ್ಲೇ ಇಲ್ಲ, ಅಮ್ಮನ್ನ ಹಿಡ್ಕೊಳೋದು, ಪೋಸ್ಟ್‌ಮಾರ್ಟಂ ಕಾಗದ, ಸ್ಟೇಷನ್ನು, ಇನ್ಶೂರೆನ್ಸು, ಕಾರ್ಯಕ್ಕೆ ಬಂದೋರಿಗೆ ಊಟ, ಎಲ್ಲಾ ನನ್ನ ತಲೆ ಮೇಲೇ ಬಿತ್ತು. ನೆಂಟರೆಲ್ಲಾ ಇವಳು ಗಟ್ಟಿಗಿತ್ತಿ ಅಂದ್ರು, ನಾನೂ ಹಂಗೇ ಅನ್ಕೊಂಡು ಸ್ಕೂಲಿಗೆ ವಾಪಸ್ ಹೋದೆ. ಆಮೇಲೆ ನಿದ್ದೆ ಹಾಳಾಯ್ತು, ಬೆನ್ನು ಹಿಡ್ಕೊಳ್ಳಕ್ಕೆ ಶುರು ಆಯ್ತು, ಮಕ್ಕಳ ಮೇಲೆ ಸುಮ್ ಸುಮ್ನೆ ರೇಗೋದು. ಕೊಲೀಗ್ ಒಬ್ರು ಅಷ್ಟಾಂಗ ವಿನ್ಯಾಸ ಕ್ಲಾಸಿಗೆ ಕರ್ಕೊಂಡು ಹೋದ್ರು, ಮೈಸೂರ್ ಸ್ಟೈಲು, ಅಂದ್ರೆ ಎಲ್ರೂ ಅವರವರ ಪಾಡಿಗೆ ಮಾಡ್ತಾರೆ, ಟೀಚರ್ ಓಡಾಡ್ಕೊಂಡು ತಿದ್ತಾರೆ.

ಮೊದಮೊದ್ಲು ಬರೀ ಮೈಕೈ ನೋವು. ಈಗ ಪ್ರೈಮರಿ ಸೀರೀಸ್, ಅಂದ್ರೆ ಮೊದಲನೇ ಹಂತದ ಆಸನಗಳ ಸಾಲು, ಹೆಚ್ಚುಕಮ್ಮಿ ಪೂರ್ತಿ ಬರುತ್ತೆ. ಸಮಸ್ಯೆ ಏನಪ್ಪಾ ಅಂದ್ರೆ ಊರ್ಧ್ವ ಧನುರಾಸನಕ್ಕೆ (ಕೈಕಾಲು ಊರಿ ಬೆನ್ನು ಕಮಾನಿನ ತರ ಮೇಲೆತ್ತೋ ಬ್ಯಾಕ್‌ಬೆಂಡ್) ಎದ್ದ ತಕ್ಷಣ ಅಳು. ತಲೆ ಕೆಳಗಿರುತ್ತಲ್ಲ, ಕಣ್ಣೀರು ಕೆನ್ನೆಗೆ ಬರಲ್ಲ, ಹಣೆ ಮೇಲೆ ಹರಿದು ಕೂದಲೊಳಗೆ ಹೋಗುತ್ತೆ. ಪಕ್ಕದಲ್ಲಿರೋರಿಗೆ ಬೆವರು ಅನ್ನಿಸ್ಬೇಕು ಅಂತ ಟವಲ್ಲಲ್ಲಿ ಮುಖ ಎಲ್ಲಾ ಒರೆಸ್ಕೊಂಡ್ಬಿಡ್ತೀನಿ. ಟೀಚರ್ ಹೇಳ್ತಾರೆ, "ದುಃಖ ಎಲ್ಲಾ ಸೊಂಟದಲ್ಲಿ ಎದೇಲಿ ಕೂತಿರುತ್ತೆ, ಆಚೆ ಬರ್ತಿದೆ, ಬರ್ಲಿ ಬಿಡಿ, ಇನ್ನೂ ಜಾಸ್ತಿ ಮಾಡಿ." ಅಮ್ಮ ಹೇಳ್ತಾರೆ, "ದುಡ್ಡು ಕೊಟ್ಟು ಅತ್ಕೊಂಡು ಬರೋಕೆ ಅಲ್ಲಿಗೆ ಯಾಕ್ ಹೋಗ್ತೀಯಾ?"

ಕೆಲವು ದಿನ ಅತ್ತ ಮೇಲೆ ಹಗುರ ಆಗುತ್ತೆ, ರಾತ್ರಿ ನಿದ್ದೇನೂ ಬರುತ್ತೆ. ಇನ್ನು ಕೆಲವು ದಿನ ಏನೂ ಅನ್ಸಲ್ಲ, ಮೈಯೇ ನಂದಲ್ಲ ಅನ್ನೋ ತರ ಮಂಕಾಗಿ ಗಾಡಿ ಓಡಿಸ್ಕೊಂಡು ಮನೆಗೆ ಬರ್ತೀನಿ. ಇದು ನಿಜವಾಗ್ಲೂ ವಾಸಿ ಆಗ್ತಿರೋದಾ, ಇಲ್ಲಾ ಗಾಯ ಕೆರ್ಕೊಳ್ತಿದೀನಾ? ಅನುಭವ ಇರೋರು ಹೇಳಿ. ಇನ್ನೊಂದು, ಎಡಗಡೆ ಕೂರೋ ಮೂಳೆ ಹತ್ರ ನೋವು ಶುರುವಾಗಿದೆ, ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ ಗೊತ್ತಿಲ್ಲ.

---

ಕೌಶಿಕದ_ಕಡೆಯವ

ಮೇಡಂ, ತಮ್ಮನ ವಿಷಯ ಓದಿ ತುಂಬಾ ಬೇಜಾರಾಯ್ತು.

ನಾನು ಇದನ್ನ ಬಹಳ ವರ್ಷದಿಂದ ಮಾಡ್ಕೊಂಡ್ ಬಂದಿರೋನು. ಒಂದು ವಿಷಯ ನಮ್ ಹಾಸನದ ಎಷ್ಟೋ ಜನಕ್ಕೇ ಗೊತ್ತಿಲ್ಲ, ನೀವು ಮಾಡ್ತಿರೋದನ್ನ ಜಗತ್ತಿಗೆಲ್ಲಾ ಹಬ್ಬಿಸಿದ ಪಟ್ಟಾಭಿ ಜೋಯಿಸರು ಇಲ್ಲೇ ಪಕ್ಕದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದೋರು. 1927ರಲ್ಲಿ ಹಾಸನದ ಜೂಬಿಲಿ ಹಾಲ್‌ನಲ್ಲಿ ಯೋಗ ಗುರು ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ, ಅವರು ಒಂದು ಆಸನದಿಂದ ಇನ್ನೊಂದಕ್ಕೆ ಹಾರೋದು ನೋಡಿ ಹುಡುಗ ದಂಗಾಗಿ ಮಾರನೇ ದಿನಾನೇ ಕಲಿಸಿ ಅಂತ ಹೋದ್ರಂತೆ. ಆಮೇಲೆ ಮನೇಲಿ ಹೇಳ್ದೆ ಮೈಸೂರಿಗೆ ಹೋಗಿದ್ದು, ಸಂಸ್ಕೃತ ಪಾಠಶಾಲೆ, 1948ರಲ್ಲಿ ಲಕ್ಷ್ಮೀಪುರಂನಲ್ಲಿ ಸ್ವಂತ ಶಾಲೆ, ಅದೆಲ್ಲಾ ದೊಡ್ಡ ಕಥೆ. ಇವತ್ತು ವಿದೇಶದೋರು ಇದನ್ನ ಕಲಿಯಕ್ಕೆ ಮೈಸೂರಿನ ಗೋಕುಲಂನಲ್ಲಿ ಮನೆ ಬಾಡಿಗೆಗೆ ಹುಡುಕ್ತಾರೆ, ನಮ್ಮೂರಲ್ಲಿ ಕೇಳಿದ್ರೆ ಯಾವ ಪಟ್ಟಾಭಿ ಅಂತಾರೆ.

ಸರಿ, ನಿಮ್ ಪ್ರಶ್ನೆಗೆ ಬರೋಣ. ಪ್ರೈಮರಿ ಸೀರೀಸ್‌ಗೆ ಪದ್ಧತಿಯಲ್ಲಿ ಯೋಗ ಚಿಕಿತ್ಸಾ ಅಂತಾನೇ ಹೆಸರು, ಎರಡನೇದಕ್ಕೆ ನಾಡಿ ಶೋಧನ. ಎರಡನೇದರಲ್ಲಿ ಶಲಭಾಸನದಿಂದ ಕಪೋತಾಸನದವರೆಗೆ ಬೆನ್ನು ಹಿಂದಕ್ಕೆ ಬಗ್ಗಿಸೋದೇ ಸಾಲಾಗಿ ಬರುತ್ತೆ, ಅಲ್ಲಿ ಅಳೋದು, ಸಿಟ್ಟು ಬರೋದು, ಕೆಟ್ಟ ಕನಸು ಬೀಳೋದು ನಾನು ಎಷ್ಟೋ ಜನರಲ್ಲಿ ನೋಡಿದೀನಿ. ಹಾಗಾಗಿ ನಿಮ್ಗೊಬ್ಬರಿಗೇ ಆಗ್ತಿದೆ ಅಂತ ಹೆದರ್ಕೋಬೇಡಿ. ಆದ್ರೆ "ಇನ್ನೂ ಜಾಸ್ತಿ ಮಾಡಿ" ಅನ್ನೋದನ್ನ ನಾನು ಒಪ್ಪಲ್ಲ. ಪದ್ಧತಿಯಲ್ಲೇ ವಾರಕ್ಕೊಂದು ದಿನ ರಜ, ಅಮಾವಾಸ್ಯೆ ಹುಣ್ಣಿಮೆಗೆ ರಜ, ಹೆಂಗಸರಿಗೆ ಮುಟ್ಟಿನ ಮೊದಲ ಮೂರು ದಿನ ರಜ. ಇಷ್ಟೆಲ್ಲಾ ರಜ ಇಟ್ಟಿರೋದು ಸೋಮಾರಿಗಳಿಗಲ್ಲ, ದಿನಾ ಮಾಡೋರಿಗೇ.

ಪತಂಜಲಿ ಸೂತ್ರ ಮೊದಲನೇ ಪಾದದಲ್ಲಿ 31ನೇದು ಒಂದ್ಸಲ ತೆಗೆದು ನೋಡಿ. ದುಃಖ, ದೌರ್ಮನಸ್ಯ, ಮೈ ನಡುಗೋದು, ಉಸಿರು ಲಯ ತಪ್ಪೋದು, ಈ ನಾಲ್ಕೂ ಚಿತ್ತ ಚೆದುರಿದಾಗ ಜೊತೇಲೇ ಬರುತ್ವೆ ಅಂತಾನೆ. ಅದಕ್ಕೆ ಉಪಾಯ ಹೇಳೋವಾಗ ಮೈತ್ರಿ, ಕರುಣೆ, ಉಸಿರನ್ನ ನಿಧಾನವಾಗಿ ಆಚೆ ಬಿಡೋದು ಅಂತೆಲ್ಲಾ ಪಟ್ಟಿ ಕೊಡ್ತಾನೆ. ಬೆನ್ನು ಬಗ್ಗಿಸು ಅಂತ ಎಲ್ಲೂ ಹೇಳಿಲ್ಲ. ಅಂದ್ರೆ ಅಷ್ಟಾಂಗದಲ್ಲಿ ಮನಸ್ಸಿಗೆ ಕೆಲಸ ಮಾಡೋದು ಆಸನಕ್ಕಿಂತ ಉಸಿರು ಅಂತ ನನ್ನ ಲೆಕ್ಕ. ಉಸಿರಿನ ಸದ್ದು ಕಿತ್ತುಹೋಗ್ತಿದೆ, ಬಿಕ್ತಾ ಇದೀರಾ ಅಂದ್ರೆ ಆ ಆಸನ ಅಲ್ಲಿಗೆ ಮುಗೀತು, ಕೆಳಗೆ ಇಳಿದು ಪಶ್ಚಿಮೋತ್ತಾನಾಸನದಲ್ಲಿ (ಕಾಲು ಚಾಚಿ ಮುಂದಕ್ಕೆ ಬಗ್ಗೋದು) ಕೂತ್ಕೊಳಿ. ತುಂಬಾ ಭಾರ ಇರೋ ದಿನ ಸೂರ್ಯ ನಮಸ್ಕಾರದ ಎರಡು ಬಗೇಲಿ ಎ ಐದು, ಬಿ ಮೂರು, ಕೊನೇಲಿ ಬರೋ ಪದ್ಮಾಸನದ ಮೂರು ಭಂಗಿ, ಮಲಗೋದು, ಅಷ್ಟೇ. ಅದೂ ಪೂರ್ತಿ ಅಭ್ಯಾಸಾನೇ.

---

ರೈಟರ್_ಮೂಡಿಗೆರೆ

ಬೇಜಾರ್ ಮಾಡ್ಕೋಬೇಡಿ ಮಾರಾಯ್ರೆ, ನಾನು ಸ್ವಲ್ಪ ಉಲ್ಟಾ ಮಾತಾಡೋನು.

ಮೈ ದಣಿಸಿದ್ರೆ ಮನಸ್ಸು ವಾಸಿ ಆಗುತ್ತೆ ಅನ್ನೋದಾದ್ರೆ ನಾನು ಹಾಜರಿ ಬರೆಯೋ ರೈಟರ್ ಆಗಿರೋ ಕಾಫಿ ತೋಟದ ಹೆಂಗಸ್ರಷ್ಟು ಆರಾಮಾಗಿರೋರು ಯಾರೂ ಇರ್ಬಾರ್ದಿತ್ತು. ಹಣ್ಣು ಕೊಯ್ಲಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಕೈ ಮೇಲೆತ್ತಿ ಗೆಲ್ಲು ಬಗ್ಗಿಸೋದು, ಕೂತ್ಕೊಂಡು ಬಿದ್ದಿದ್ದು ಹೆಕ್ಕೋದು, ಚೀಲ ಹೊತ್ತು ಗುಡ್ಡ ಹತ್ತೋದು. ನಿಮ್ ಪ್ರೈಮರಿ ಸೀರೀಸ್ ಒಂದೂವರೆ ಗಂಟೆ, ಅವರದು ದಿನಪೂರ್ತಿ. ಗಂಡ ಸತ್ತ ಹೆಂಗಸು ಹನ್ನೆರಡನೇ ದಿನಕ್ಕೆ ಕೆಲಸಕ್ಕೆ ಬಂದಿದ್ದು ನಾನೇ ಹಾಜರಿ ಹಾಕಿದೀನಿ. ಇವತ್ತಿಗೂ ಮಧ್ಯಾಹ್ನ ಬುತ್ತಿ ಬಿಚ್ಚೋವಾಗ ಆಯಮ್ಮ ಒಂದ್ ಮಾತಾಡಲ್ಲ. ಯಾವ ದುಃಖಾನೂ ಬೆವರಲ್ಲಿ ಹೋಗಿಲ್ಲ.

ಈ ಸೊಂಟದಲ್ಲಿ ದುಃಖ ಕೂತಿದೆ, ಎದೇಲಿ ಕೂತಿದೆ ಅನ್ನೋದೆಲ್ಲಾ ಫೀಸ್ ಕಟ್ಟಿಸ್ಕೊಳೋ ಮಾತು. ತಮ್ಮನ ಫ್ರೆಂಡ್ಸ್ ಯಾರಾದ್ರೂ ಇದ್ರೆ ಅವರ ಜೊತೆ ಕೂತು ಅವನ ಬಗ್ಗೆ ಮಾತಾಡಿ, ಅದು ಕೆಲಸಕ್ಕೆ ಬರುತ್ತೆ.

---

ಫಿಸಿಯೋ_ಹಾಸನ್

ನಾನು ಫಿಸಿಯೋಥೆರಪಿಸ್ಟು, ಮನೋವೈದ್ಯೆ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ.

ಮೊದ್ಲು ಆ ನೋವಿನ ವಿಷಯ, ಯಾಕಂದ್ರೆ ಅದು ನನ್ ಏರಿಯಾ, ಮತ್ತೆ ಯಾರೂ ಅದರ ಬಗ್ಗೆ ಮಾತೇ ಎತ್ತಿಲ್ಲ. ಕೂರೋ ಮೂಳೆ ಹತ್ರ ನೋವು ಅಂದ್ರೆ ಬಹುಪಾಲು ತೊಡೆ ಹಿಂದಿನ ಸ್ನಾಯು ಮೂಳೆಗೆ ಅಂಟ್ಕೊಂಡಿರೋ ಜಾಗ, ಅಷ್ಟಾಂಗ ಮಾಡೋರಲ್ಲಿ ಇದು ಮಾಮೂಲಿ, ದಿನಾ ಅಷ್ಟೊಂದು ಮುಂದಕ್ಕೆ ಬಗ್ಗೋದ್ರಿಂದ. ಇದು ದುಃಖ ಆಚೆ ಬರ್ತಿರೋದಲ್ಲ! ದಯವಿಟ್ಟು ಯಾರಾದ್ರೂ "ಓಪನಿಂಗ್ ಆಗ್ತಿದೆ" ಅಂದ್ರೆ ಕೇಳ್ಬೇಡಿ. ಮುಂದಕ್ಕೆ ಬಗ್ಗೋವಾಗೆಲ್ಲಾ ಮಂಡಿ ಸ್ವಲ್ಪ ಮಡಚಿ, ಎಳೆಯೋದು ನಿಲ್ಲಿಸಿ, ಕುರ್ಚಿ ಮೇಲೆ ತುಂಬಾ ಹೊತ್ತು ಕೂರ್ಬೇಡಿ (ಟೀಚರ್ ಆಗಿರೋದ್ರಿಂದ ನಿಂತೇ ಇರ್ತೀರಾ, ಅದೊಂದು ಲಾಭ), ಕಡಿಮೆ ಆಗ್ಲಿಲ್ಲ ಅಂದ್ರೆ ತೋರಿಸಿ. ಈ ಜಾಗದ ನೋವು ಹಟ ಮಾಡುತ್ತೆ, ಬೇಗ ಹೋಗಲ್ಲ. ಕಾಲು ಮಡಚಿ ಪಾದ ತೊಡೆ ಮೇಲೆ ಇಡೋ ಆಸನಗಳು, ಅಂದ್ರೆ ಮರೀಚ್ಯಾಸನ ಡಿ, ಅರ್ಧ ಬದ್ಧ ಪದ್ಮದಲ್ಲಿ ಮಂಡಿ ಚುರುಕ್ ಅಂದ್ರೂ ಅಲ್ಲೇ ನಿಲ್ಸಿ. ಮಂಡಿಗೆ ತಿರುಗೋ ಕೆಲಸ ಕಡಿಮೆ, ಸೊಂಟದ ಕೀಲು ತಿರುಗ್ಲಿಲ್ಲ ಅಂದ್ರೆ ಮಂಡಿ ತಿರುಗಿ ಹರಿದುಹೋಗುತ್ತೆ.

ಈಗ ಅಳು. ಸ್ನಾಯು ಒಳಗೆ ನೆನಪು ಕೂತಿರಲ್ಲ, ಅದು ತಲೇಲೇ ಇರೋದು. ಆದ್ರೆ ರೈಟರ್ ಸರ್ ಹೇಳ್ದಂಗೆ ಎಲ್ಲಾ ಬರೀ ಫೀಸಿನ ಮಾತೂ ಅಲ್ಲ. ದುಃಖ ತಡ್ಕೊಂಡಿರೋರು ಹೆಂಗಿರ್ತಾರೆ ನೋಡಿ, ಹಲ್ಲು ಕಚ್ಚಿರ್ತಾರೆ, ಭುಜ ಕಿವಿ ಹತ್ರ, ಹೊಟ್ಟೆ ಬಿಗಿ, ಉಸಿರು ಮೇಲ್ಮೇಲೇ. ಕ್ಲಿನಿಕ್ಕಲ್ಲೂ ನಾನು ದಿನಾ ನೋಡ್ತೀನಿ, ಬೆನ್ನು ನೋವು ಅಂತ ಬಂದೋರು ಟೇಬಲ್ ಮೇಲೆ ಮಲಗಿ ಉದ್ದಕ್ಕೆ ಉಸಿರು ಬಿಡಿ ಅಂದ ತಕ್ಷಣ ಅಳಕ್ಕೆ ಶುರು ಮಾಡ್ತಾರೆ. ಬ್ಯಾಕ್‌ಬೆಂಡಲ್ಲಿ ಎದೆ ಹೊಟ್ಟೆ ಎರಡೂ ಎಳೆದಿರುತ್ತೆ, ಬಿಗಿ ಹಿಡಿಯಕ್ಕೇ ಆಗಲ್ಲ, ಜೊತೆಗೆ ಸುಸ್ತು. ಅಳು ತಡೆಯೋಕೆ ಬೇಕಿರೋ ಬಿಗಿಯೇ ಇಲ್ದಿದ್ರೆ ಅಳು ಬರುತ್ತೆ. ಉಸಿರನ್ನ ನಿಧಾನಕ್ಕೆ ಬಿಟ್ಟಾಗ ಎದೆ ಬಡಿತ ಇಳಿಯುತ್ತೆ, ಅದಕ್ಕೇ ಆಮೇಲೆ ಹಗುರ. ಇದಕ್ಕೆ ಸೊಂಟದ ಪವಾಡ ಏನೂ ಬೇಕಿಲ್ಲ.

ನೀವು ಬರೆದಿದ್ರಲ್ಲಿ ನನ್ನ ತಲೆಗೆ ಹತ್ತಿದ್ದು ಅಳು ಅಲ್ಲ, ಆ "ಮೈಯೇ ನಂದಲ್ಲ" ಅನ್ನೋ ಮಂಕು. ಅದು ಹಗುರ ಅಲ್ಲ. ತಡ್ಕೊಳೋಕಿಂತ ಜಾಸ್ತಿ ಆದಾಗ ಮನಸ್ಸು ಫ್ಯೂಸ್ ತೆಗೆದ್ಬಿಡುತ್ತೆ. ಅಂಥ ದಿನ ತಕ್ಷಣ ಗಾಡಿ ಹತ್ಬೇಡಿ ಪ್ಲೀಸ್. ಎದ್ದು ಕೂತು ನೀರು ಕುಡೀರಿ, ಅಂಗಾಲು ನೆಲಕ್ಕೆ ಒತ್ತಿ, ಯಾರ ಜೊತೆಗಾದ್ರೂ ನಾಲ್ಕು ಮಾತಾಡಿ ಆಮೇಲೆ ಹೊರಡಿ. ಪದೇ ಪದೇ ಆಗ್ತಿದ್ರೆ, ಆಕ್ಸಿಡೆಂಟ್ ದೃಶ್ಯ ಕಣ್ಮುಂದೆ ಬರ್ತಿದ್ರೆ, ನಿದ್ದೆ ಮತ್ತೆ ಕೆಟ್ರೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ, ತೋರಿಸಿ. ಯಾರಾದ್ರೂ ನೋಡ್ತಾರೆ ಅನ್ನೋ ಮುಜುಗರ ಇದ್ರೆ ಮೊದ್ಲು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು.

ಯೋಗ ಆಘಾತಕ್ಕೆ ಕೆಲಸ ಮಾಡುತ್ತಾ ಅನ್ನೋದಕ್ಕೆ ಒಂದು ಒಳ್ಳೇ ಸ್ಟಡಿ ಇದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟ ಆಗಿದ್ದು, ವರ್ಷಗಟ್ಟಲೆ ಆಘಾತದ ನಂತರ ಬಿಡದೆ ಕಾಡೋ ಮಾನಸಿಕ ತೊಂದರೆ, ಅಂದ್ರೆ ಪಿಟಿಎಸ್‌ಡಿ ಇದ್ದು ಬೇರೆ ಚಿಕಿತ್ಸೆಗೆ ಬಗ್ಗದ 64 ಹೆಂಗಸರು. ಒಂದು ಗುಂಪಿಗೆ 10 ವಾರ, ವಾರಕ್ಕೊಂದು ಗಂಟೆ ಯೋಗ, ಇನ್ನೊಂದು ಗುಂಪಿಗೆ ಆರೋಗ್ಯದ ಬಗ್ಗೆ ಕ್ಲಾಸು. ಮುಗಿದಾಗ ಯೋಗದ ಗುಂಪಲ್ಲಿ 31ರಲ್ಲಿ 16 ಜನಕ್ಕೆ ಪಿಟಿಎಸ್‌ಡಿ ಅಂತ ಹೇಳೋಷ್ಟು ಲಕ್ಷಣ ಉಳಿದಿರ್ಲಿಲ್ಲ, ಇನ್ನೊಂದರಲ್ಲಿ 29ರಲ್ಲಿ 6. ಆದ್ರೆ ಗಮನಿಸಿ, ಅದು ನಿಮ್ ಅಷ್ಟಾಂಗ ಅಲ್ಲ. ಮೆತ್ತಗಿನ ಆಸನ, ಬೇಡ ಅನ್ಸಿದ್ರೆ ಬಿಡೋ ಸ್ವಾತಂತ್ರ್ಯ, ಯಾರೂ ಬಲವಂತ ಮಾಡಲ್ಲ. ಕಷ್ಟ ಜಾಸ್ತಿ ಆದಷ್ಟೂ ಗುಣ ಜಾಸ್ತಿ ಅಂತ ಯಾರೂ ತೋರಿಸಿಲ್ಲ.

---

ಚಿಕ್ಕಮಗಳೂರ್_ಅಕ್ಕ

ತಂಗೀ, ನಾನು ಡಿಪ್ರೆಶನ್‌ಗೆ ಮಾತ್ರೆ ತಗೊಂಡಿರೋಳು, ಅಷ್ಟಾಂಗಾನೂ ಮಾಡಿರೋಳು, ಎರಡೂ ಒಟ್ಟಿಗೆ. ಯೋಗ ಮಾಡೋರು ಮಾತ್ರೆ ಬೇಡ ಅಂತಾರೆ, ಮನೆಯೋರು ಯೋಗ ಬೇಡ ಅಂತಾರೆ, ಡಾಕ್ಟರ್ ಮಾತ್ರ ಎರಡೂ ಮಾಡಿ ಅಂದ್ರು. ನಂಗೆ ಯೋಗದಿಂದ ಆಗಿದ್ದು ಏನು ಅಂದ್ರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಕ್ಕೆ ಒಂದು ನೆಪ. ಜಮಖಾನ ಹಾಸಿ ಮುಂದೆ ನಿಂತ್ರೆ ಮುಂದೆ ಏನ್ ಮಾಡ್ಬೇಕು ಅಂತ ಯೋಚನೆ ಮಾಡೋ ಹಂಗಿಲ್ಲ, ಅದೇ ಸಾಲು, ಅದೇ ಎಣಿಕೆ. ತಲೆ ಕೆಲಸ ಮಾಡ್ದೆ ಇದ್ದಾಗ ಅದೊಂದು ದೊಡ್ಡ ಉಪಕಾರ.

ರೈಟರ್ ಅಣ್ಣ ಹೇಳಿದ ಆ ಹೆಂಗಸಿನ ಕಥೆ ಓದಿ ಹೊಟ್ಟೆ ಚುರ್ ಅಂತು. ಆದ್ರೆ ಅಣ್ಣಾ, ಕೊಯ್ಲಲ್ಲಿ ಆಯಮ್ಮನ ಮೈ ತೋಟದ್ದು, ಎಷ್ಟು ಕೆಜಿ ಆಯ್ತು ಅಂತ ನೀವು ತೂಕ ಹಾಕ್ತಾ ನಿಂತಿರ್ತೀರಾ. ಅಳು ಬಂದ್ರೆ ಅಳಕ್ಕೆ ಅವಳಿಗೆ ಪುರುಸೊತ್ತು ಎಲ್ಲಿ? ಈ ತಂಗಿಗೆ ಒಂದೂವರೆ ಗಂಟೆ ಅವಳದ್ದೇ, ಯಾರೂ ಏನೂ ಕೇಳಲ್ಲ. ವ್ಯತ್ಯಾಸ ಅಲ್ಲಿದೆ, ಬೆವರಲ್ಲಿ ಅಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು, ಕೌಶಿಕದ ಕಡೆಯವರು ಬೇಜಾರಾದ್ರೂ ಪರ್ವಾಗಿಲ್ಲ. ಜೋಯಿಸರು 2009ರಲ್ಲಿ ತೀರ್ಕೊಂಡ ಮೇಲೆ, ಅವರ ಹತ್ರ ಕಲಿತ ಹಲವಾರು ಹೆಂಗಸರು ಅಡ್ಜಸ್ಟ್‌ಮೆಂಟ್ (ಕೈ ಹಾಕಿ ಆಸನ ತಿದ್ದೋದು) ಹೆಸರಲ್ಲಿ ಜೋಯಿಸರು ಮುಟ್ಟಬಾರದ ಕಡೆ ಮುಟ್ತಿದ್ರು ಅಂತ ಬಹಿರಂಗವಾಗಿ ಹೇಳಿದ್ರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸ್ ಕೂಡ ಅದನ್ನ ಒಪ್ಕೊಂಡು ನೋವಾದೋರ ಕ್ಷಮೆ ಕೇಳಿ ಬರೆದ್ರು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅಳ್ತಾ ತಲೆ ಕೆಳಗಾಗಿ ನಿಂತಿರೋ ಹೆಂಗಸು ಬೇಡ ಅನ್ನೋ ಸ್ಥಿತೀಲಿ ಇರಲ್ಲ. "ಬರ್ಲಿ ಬಿಡಿ, ಇನ್ನೂ ಜಾಸ್ತಿ" ಅಂತ ಹೇಳೋ ಟೀಚರ್ ಒಳ್ಳೇವ್ರೇ ಇರ್ಬಹುದು, ಇದ್ರೂ ಅವರ ಕೈಗೆ ನಿನ್ನ ದುಃಖದ ಉಸ್ತುವಾರಿ ಕೊಡ್ಬೇಡ. ಅವರು ಆಸನ ಕಲಿಸೋಕೆ ಇರೋದು.

ವಾಸಿ ಆಗ್ತಿದ್ಯಾ ಅಂತ ಹೆಂಗ್ ಗೊತ್ತಾಗುತ್ತೆ ಅಂದ್ರೆ ನಾನು ಮ್ಯಾಟ್ ಮೇಲೆ ನೋಡಲ್ಲ. ಊಟ ಸೇರ್ತಿದ್ಯಾ, ಫೋನ್ ಬಂದ್ರೆ ಎತ್ತೀನಾ, ಮಕ್ಕಳ ಮೇಲೆ ರೇಗೋದು ಕಮ್ಮಿ ಆಯ್ತಾ, ತಮ್ಮನ ಹೆಸರು ಯಾರಾದ್ರೂ ಎತ್ತಿದ್ರೆ ಎದ್ದು ಒಳಗೆ ಹೋಗ್ತೀನಾ ಕೂತಿರ್ತೀನಾ. ಅಲ್ಲಿ ನೋಡ್ಕೋ.

---

ಕೌಶಿಕದ_ಕಡೆಯವ

ಅಕ್ಕ, ಬೇಜಾರೇನಿಲ್ಲ. ಆ ವಿಷಯ ನಿಜ, ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಪದ್ಧತಿ ಬೇರೆ, ಮನುಷ್ಯ ಬೇರೆ ಅಂತ ನಮ್ಮಲ್ಲಿ ಕೆಲವರು ಹೇಳ್ತಾರೆ, ನಂಗೆ ಅದು ಪೂರ್ತಿ ಸಮಾಧಾನ ಕೊಡಲ್ಲ, ಯಾಕಂದ್ರೆ ಗುರು ಹೇಳಿದ್ದಕ್ಕೆ ಎದುರು ಮಾತಾಡ್ಬಾರ್ದು ಅನ್ನೋದೂ ಪದ್ಧತಿಯಲ್ಲೇ ಇತ್ತು. ಈಗ ಕೆಲವು ಶಾಲೇಲಿ ಮುಟ್ಟೋದು ಬೇಡ ಅನ್ನೋರು ಮ್ಯಾಟ್ ಪಕ್ಕ ಒಂದು ಕಾರ್ಡ್ ಇಡ್ತಾರೆ. ಒಳ್ಳೇ ಪದ್ಧತಿ.

---

ರೈಟರ್_ಮೂಡಿಗೆರೆ

ಚಿಕ್ಕಮಗಳೂರಕ್ಕ ತೂಕ ಹಾಕೋದ್ರ ಬಗ್ಗೆ ಹೇಳಿದ್ದಕ್ಕೆ ನಂಗೆ ಉತ್ತರ ಇಲ್ಲ, ಒಪ್ದೆ. ಆದ್ರೂ ದುಃಖಕ್ಕೆ ಆಸನಕ್ಕಿಂತ ಜನ ಬೇಕು ಅನ್ನೋ ನನ್ ಮಾತು ಹಂಗೇ ಇರ್ಲಿ.

---

ಸಾಲಗಾಮೆರೋಡ್_ಟೀಚರ್

ಎಲ್ರಿಗೂ ಥ್ಯಾಂಕ್ಸ್. ಒಬ್ಬೊಬ್ರಿಗೂ ಬೇರೆ ಬೇರೆ ಬರೆಯೋಣ ಅಂದ್ಕೊಂಡೆ, ಪರೀಕ್ಷೆ ಪೇಪರ್ ತಿದ್ದೋದಿದೆ, ಒಟ್ಟಿಗೇ ಬರೀತಿದೀನಿ.

ಫಿಸಿಯೋ ಮೇಡಂ, ಮಂಡಿ ಮಡಚಿ ಮಾಡಿದ್ರೆ ನೋವು ನಿಜಕ್ಕೂ ಕಮ್ಮಿ ಇದೆ. 14416ಕ್ಕೆ ಫೋನ್ ಮಾಡ್ದೆ. ಎತ್ತಿದ ಹುಡುಗಿ ಮೊದ್ಲು ಕೇಳಿದ್ದೇ ತಮ್ಮನ ಹೆಸರು ಏನು ಅಂತ. ಅವನ ಹೆಸರು ಜೋರಾಗಿ ಹೇಳಿ ತುಂಬಾ ದಿನ ಆಗಿತ್ತು, ಮನೇಲಿ ನಾವು "ಅವನು" ಅಂತಾನೇ ಅನ್ನೋದು. ಹಿಮ್ಸ್‌ಗೆ ಹೋಗೋದು ಅಂತ ಮಾಡಿದೀನಿ, ಕೊಲೀಗ್ ಜೊತೆಗೆ ಬರ್ತಾರೆ.

ರೈಟರ್ ಸರ್, ಅವನ ಫ್ರೆಂಡ್ಸ್‌ಗೂ ಹೇಳಿ ಕಳ್ಸಿದೀನಿ, ಬರೋ ಭಾನುವಾರ ಬರ್ತಾರೆ, ಅಮ್ಮ ಆಗ್ಲೇ ಕಡುಬಿಗೆ ಅಕ್ಕಿ ಹೇಳಿದಾರೆ.

ಯೋಗ ಬಿಡಲ್ಲ. ಆದ್ರೆ ಸದ್ಯಕ್ಕೆ ಊರ್ಧ್ವ ಧನುರಾಸನ ಬಿಟ್ಟು ಸೇತು ಬಂಧ ತರ ಬೆನ್ನು ಸ್ವಲ್ಪ ಎತ್ತೋದು ಅಷ್ಟೇ. ಟೀಚರ್‌ಗೆ ಹೇಳಿದ್ರೆ "ಹೆದರ್ಕೊಂಡು ಹಿಂದೆ ಹೋಗ್ತಿದೀರಾ" ಅಂದ್ರು. ನಾನು ಅಂದೆ, ಹೌದು ಸರ್, ಸ್ವಲ್ಪ ದಿನ ಹಿಂದೇನೇ ಇರ್ತೀನಿ. ಅಡ್ಜಸ್ಟ್ ಮಾಡೋದು ಬೇಡ ಅಂತ ಹೇಳಕ್ಕೆ ಮಾತ್ರ ಇನ್ನೂ ಬಾಯಿ ಬಂದಿಲ್ಲ. ಹೆಂಗ್ ಹೇಳೋದು?

---

ಚಿಕ್ಕಮಗಳೂರ್_ಅಕ್ಕ

ಕ್ಲಾಸ್ ಶುರು ಆಗೋಕೆ ಮುಂಚೇನೇ ಹೇಳು, ಆಸನದ ಮಧ್ಯೆ ಹೇಳಕ್ಕೆ ಹೋದ್ರೆ ಉಸಿರೂ ಇರಲ್ಲ ಧೈರ್ಯಾನೂ ಇರಲ್ಲ. ಕಾರಣ ಕೊಡೋಕೆ ಹೋಗ್ಬೇಡ. "ಸರ್, ಇವತ್ತಿಂದ ನಂಗೆ ಕೈ ಹಾಕಿ ತಿದ್ದೋದು ಬೇಡ, ಬಾಯಲ್ಲಿ ಹೇಳಿ" ಅಂತ ಅಷ್ಟೇ. ಅದಕ್ಕೂ ಮುಖ ಗಂಟಿಕ್ಕಿದ್ರೆ ಬೇರೆ ಕ್ಲಾಸ್ ನೋಡ್ಕೋ. ಫೀಸ್ ಕಟ್ಟಾಗಿದೆ ಅಂತ ಮುಲಾಜಿಗೆ ಬೀಳ್ಬೇಡ.